ಕೈಗೆಲಸವೂ ಬರವಣಿಗೆಯೂ

ಕೈಯಲ್ಲಿರುವ ವಿದ್ಯೆಯು ಕೈಯೊಡನೆಯೇ ಹೋಗುವುದು. ಕಾಗದಕ್ಕೆ ಇಳಿದ ವಿದ್ಯೆಯು ಒಂದು ಕೈಯಿಂದ ಮತ್ತೊಂದು ಕೈಗೆ ದಾಟಿ ಉಳಿಯುವುದು. ಅಡಿಗೆ, ರಂಗವಲ್ಲಿ, ಕಸೂತಿ, ಹೆಣಿಗೆ ಮೊದಲಾದ ಗೃಹಕಲೆಗಳ ವಿಷಯದಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ಪ್ರತಿಯೊಂದು ಮನೆಯವರೂ ಬಲ್ಲರು. ಅಜ್ಜಿಯ ಕೈಯ ಹದವನ್ನು ನೆನೆದು, "ಅದನ್ನು ಕೇಳಿ ಬರೆದಿಟ್ಟಿದ್ದರೆ!" ಎಂದು ನಿಟ್ಟುಸಿರುಬಿಡದ ಮನೆ ಯಾವುದು? ಆದುದರಿಂದ ಹೊಸದಾಗಿ ಕಲ್ಪಿಸಿದ ಹೆಣಿಗೆಯ ಮಾದರಿಗಳನ್ನೂ ಅವುಗಳ ಕುರಿತ ಲೇಖನಗಳನ್ನೂ ಬರೆದು ಪತ್ರಿಕೆಗಳಿಗೆ ಕಳುಹಿಸುವ ವಿಚಾರವಾಗಿ, ನಮ್ಮ ಅನುಭವಕ್ಕೆ ಬಂದಷ್ಟನ್ನು ಈ ಸಲ ವಾಚಕರ ಮುಂದೆ ಇಡಲು ಬಯಸುತ್ತೇವೆ.

ನಾವೆಂದರೆ ನಾಲ್ಕು ಮನೆಗಳ ಗೃಹಿಣಿಯರು. ಒಬ್ಬರು ಉಡುಪಿಯವರು, ಒಬ್ಬರು ಮಣಿಪಾಲದವರು, ಒಬ್ಬರು ಕಾಪುವಿನವರು, ಒಬ್ಬರು ಕಾರ್ಕಳದವರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕಲೆತು, ನೂಲಿನ ಉಂಡೆಯನ್ನೂ ಕಡ್ಡಿಗಳನ್ನೂ ಬಿಚ್ಚಿಕೊಂಡು ಕುಳಿತುಕೊಳ್ಳುವುದು ಬಹಳ ವರ್ಷಗಳಿಂದ ನಡೆದು ಬಂದ ಪದ್ಧತಿ. "ಬೆವರು ಸುರಿಯುವ ಈ ಕರಾವಳಿಯಲ್ಲಿ ಹೆಣಿಗೆಯೇತಕ್ಕೆ?" ಎಂದು ಕೇಳುವವರುಂಟು. ಅವರು ನಮ್ಮ ಆಟಿಯ ತಿಂಗಳನ್ನು ಮರೆತಿರಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ನೆಲ, ಗೋಡೆ, ಹಾಸಿಗೆಗಳೆಲ್ಲವೂ ತಂಪೇರಿರುವಾಗ ಹಸುಗೂಸಿನ ತಲೆಗೂ ಕಾಲಿಗೂ ಒಂದು ಬೆಚ್ಚನೆಯ ಹೊದಿಕೆ ಬೇಡವೇ? ಬಾಣಂತಿಯ ಕೋಣೆಗೆ ಒಂದು ಕುಲಾವಿ, ಒಂದು ಜೊತೆ ಕಾಲುಚೀಲ, ಬಾಗಿಲಿಗೆ ಒಂದು ತೋರಣ, ದೇವರ ಪೀಠಕ್ಕೆ ಒಂದು ಹಾಸು, ಇವು ನಮ್ಮ ಕೈಗೆಲಸದ ಎಲ್ಲೆಗಳು.

ಈ ಎಲ್ಲೆಯೊಳಗೆ ನಡೆಯಲು ನಮಗೆ ಸ್ವಂತ ಮಾದರಿಗಳ ಅವಶ್ಯಕತೆಯು ತೋರಿಬಂದುದು ಸಹಜವೇ. ಅಚ್ಚಾಗಿ ಬರುವ ಇಂಗ್ಲಿಷ್ ಪುಸ್ತಕಗಳು ಹೆಚ್ಚಾಗಿ ಚಳಿಯ ದೇಶದವು. ಅವು ಹೇಳುವುದು ಉಣ್ಣೆಯ ನೂಲನ್ನು. ಉಣ್ಣೆಯು ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವುದು. ನಮ್ಮ ಹವೆಗೆ ಒಗ್ಗುವ ಹತ್ತಿಯ ನೂಲಿಗೆ ಆ ಗುಣವು ಅಲ್ಪ. ಉಣ್ಣೆಗಾಗಿ ಬರೆದ ಲೆಕ್ಕವನ್ನು ಹತ್ತಿಗೆ ಹಚ್ಚಿದರೆ ಟೊಪ್ಪಿಗೆಯು ಮೊದಲ ಒಗೆತಕ್ಕೇ ಜೋಲುಬೀಳುವುದು. ಮತ್ತೊಂದು ಮಾತು. ಆ ಪುಸ್ತಕಗಳ ಚಿತ್ತಾರಗಳಲ್ಲಿ ಹಿಮದ ಹೂವೂ ಜಿಂಕೆಯ ಕೊಂಬೂ ತುಂಬಿರುವುವು. ನಮ್ಮ ಕಣ್ಣೆದುರಿಗೆ ಚಿತ್ತಾರಗಳಿಗೆ ಕೊರತೆಯುಂಟೇ? ಉಡುಪಿಯಲ್ಲಿ ಶ್ರೀಕೃಷ್ಣನ ದರ್ಶನವಾಗುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ. ಕೊಕ್ಕೆಸೂಜಿಯಿಂದ ಚೌಕುಳಿ ಚೌಕುಳಿಯಾಗಿ ಹೆಣೆಯುವ ಜಾಲರಿಯ ಕೆಲಸಕ್ಕೆ ಮೂರು ಸಾಲು, ಸಾಲಿಗೆ ಮೂರು ಕಿಂಡಿ ಎಂಬ ಈ ಲೆಕ್ಕಕ್ಕಿಂತ ಅನುಕೂಲವಾದುದು ಮತ್ತೇನಿದೆ? ಕಾರ್ಕಳದಲ್ಲಿ 1586ರಲ್ಲಿ ಇಮ್ಮಡಿ ಭೈರವನು ಕಟ್ಟಿಸಿದ ಚತುರ್ಮುಖ ಬಸದಿಯು ನಾಲ್ಕು ದಿಕ್ಕಿಗೂ ಒಂದೇ ತೆರನಾದ ಮುಖವುಳ್ಳದ್ದು. ನಡುವಿನಿಂದ ತೊಡಗಿ ನಾಲ್ಕು ಕಡೆಗೂ ಸಮನಾಗಿ ಬೆಳೆಸುವ ಪೀಠದ ಹಾಸಿಗೆ ಅದೇ ಮಾದರಿ. ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು, ಮೇಲೇರಿದಂತೆ ಕಿರಿದಾಗುತ್ತ, ಕಪ್ಪು ಬಿಳುಪು ಪಟ್ಟಿಗಳಿಂದ ಶೋಭಿಸುತ್ತದೆ. ನಮ್ಮ ಕಾಪುವಿನ ಗೆಳತಿಯು ಅದನ್ನೇ ನೋಡಿ ನೋಡಿ ಕೂಸಿನ ಪಟ್ಟೆ ಟೊಪ್ಪಿಗೆಯೊಂದನ್ನು ಕಲ್ಪಿಸಿದಳು.

ಕಲ್ಪಿಸಿ ಹೆಣೆಯುವುದು ಸುಲಭ, ಬರೆಯುವುದು ಕಠಿಣ. ನಮ್ಮ ಕೈಗೆ ಗೊತ್ತಿರುವುದೆಲ್ಲವೂ ಓದುವವಳಿಗೆ ಗೊತ್ತಿರುವುದಿಲ್ಲ. ಆಕೆಯು ಎಲ್ಲಿಯೋ ಒಂದು ಊರಿನಲ್ಲಿ, ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಹಣ ಕೊಟ್ಟು ತಂದ ನೂಲನ್ನು ನಮ್ಮ ಮಾತಿನ ಮೇಲಣ ವಿಶ್ವಾಸದಿಂದ ಬಿಚ್ಚುತ್ತಾಳೆ. ಆ ವಿಶ್ವಾಸಕ್ಕೆ ನಾವು ಸಲ್ಲಿಸಬೇಕಾದ ಋಣವು ದೊಡ್ಡದು. ಒಂದೇ ಉದಾಹರಣೆ ಸಾಕು. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆಯು ಸುಮಾರು 35 ಸೆಂಟಿಮೀಟರು. ಟೊಪ್ಪಿಗೆಯು ಅದಕ್ಕಿಂತ ತುಸು ಕಿರಿದಾಗಿದ್ದರೆ ತಲೆಗೆ ಹಿತವಾಗಿ ಹೊಂದಿ ಕೂಡುವುದು. ನಮ್ಮ ಗೆಳತಿಯ ಕೈಯಲ್ಲಿ 10 ಸೆಂಟಿಮೀಟರಿಗೆ 28 ಕುಣಿಕೆಗಳು ಬೀಳುವುದರಿಂದ 90 ಕುಣಿಕೆಗಳಿಗೆ ಸುಮಾರು 32 ಸೆಂಟಿಮೀಟರು ಬರುವುದು. ಕೈ ಸಡಿಲವಾದ ಮತ್ತೊಬ್ಬಳಿಗೆ ಅಷ್ಟೇ ಅಗಲದಲ್ಲಿ 24 ಬಿದ್ದರೆ, ಅದೇ 90 ಕುಣಿಕೆಗಳ ಟೊಪ್ಪಿಗೆಯು ಮೂವತ್ತೇಳುವರೆ ಸೆಂಟಿಮೀಟರಾಗಿ ಕೂಸಿನ ಕಣ್ಣಿನ ಮೇಲೆ ಜಾರುವುದು. ಆದುದರಿಂದ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದುಕೊಳ್ಳಿರೆಂದು ಹೇಳಿ, ಆ ಅಳತೆಯನ್ನು ಲೇಖನದ ತಲೆಯಲ್ಲಿಯೇ ಕೊಡತಕ್ಕದ್ದು. ನೂಲಿನ ದಪ್ಪ, ಕಡ್ಡಿಯ ಅಳತೆ, ಬೇಕಾಗುವ ನೂಲಿನ ತೂಕ, ಇವುಗಳೂ ಅಲ್ಲಿಯೇ ಇರಬೇಕು. ಕೂಸಿನ ಉಡುಪಾದರೆ ಕೊರಳಿಗೆ ಕಟ್ಟುವ ದಾರ ಬೇಡವೆಂದೂ, ಒಳಮೈಯಲ್ಲಿ ಎಳೆಯ ತುದಿ ಸಡಿಲವಾಗಿ ಉಳಿದರೆ ಅದು ಎಳೆಬೆರಳಿಗೆ ಸುತ್ತಿಕೊಳ್ಳಬಹುದೆಂದೂ ಎಚ್ಚರಿಸುವುದನ್ನು ಮರೆಯಲಾಗದು.

ಹೆಸರುಗಳ ತೊಡಕು ಇನ್ನೊಂದು. 1840ರಲ್ಲಿ ಎಡಿನ್‌ಬರೋ ನಗರದ ಜೇನ್ ಗೌಗೇನ್ ಎಂಬಾಕೆಯು ಹೆಣಿಗೆಯ ಪುಸ್ತಕವೊಂದನ್ನು ಅಚ್ಚುಹಾಕಿಸಿದಾಗ, ಕುಣಿಕೆಗಳಿಗೆ ಎಲ್ಲರೂ ಒಪ್ಪಿದ ಸಂಕೇತಗಳಿರಲಿಲ್ಲವಾಗಿ ತನ್ನವೇ ಆದ ಸಂಕ್ಷೇಪಾಕ್ಷರಗಳನ್ನು ಕಲ್ಪಿಸಿಕೊಳ್ಳಬೇಕಾಯಿತು. ಇಂದಿಗೂ ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎನ್ನುವುದನ್ನೇ ಇಂಗ್ಲೆಂಡಿನವರು ‘ಡಬಲ್ ಕ್ರೋಶೆ’ ಎನ್ನುತ್ತಾರೆ. ಇದನ್ನರಿಯದೆ ಇಂಗ್ಲೆಂಡಿನ ಪುಸ್ತಕವನ್ನು ಅಮೆರಿಕದ ರೀತಿಯಲ್ಲಿ ಓದಿದವಳ ಕೆಲಸವು ಸಾಲಿಗೆ ಸಾಲೇ ಕೆಡುವುದು. ಕನ್ನಡದಲ್ಲಿ ಬರೆಯುವ ನಮಗೆ ಇದರಿಂದ ಒಂದು ಸ್ವಾತಂತ್ರ್ಯವೂ ಒಂದು ಹೊಣೆಯೂ ಉಂಟು. ಕೈ ಏನು ಮಾಡುವುದೋ ಅದನ್ನೇ ನಾವು ಹೆಸರಾಗಿ ಇಡುತ್ತೇವೆ. ಒಂದರೊಳಗೊಂದು ಸೇರಿದರೆ ಸರಪಳಿ, ಎತ್ತರವಾಗಿ ನಿಂತರೆ ಕಂಬ, ಕುಳ್ಳಾಗಿದ್ದರೆ ಗಿಡ್ಡ ಕುಣಿಕೆ ಎಂದು ಮೊದಲ ಬಾರಿಗೆ ವಿವರಿಸಿ, ಆಮೇಲೆ ಕೊನೆಯವರೆಗೂ ಅದೇ ಮಾತನ್ನು ಬಳಸುತ್ತೇವೆ.

ಬರೆದು ಮುಗಿಯಿತೆಂದು ಅದನ್ನು ಒಡನೆ ಕಳುಹುವುದಿಲ್ಲ. ಒಬ್ಬಳು ಬರೆದುದನ್ನು ಮತ್ತೊಂದೂರಿನವಳು ಬರಿಯ ಕಾಗದವನ್ನು ನೋಡಿ ಹೆಣೆಯತಕ್ಕದ್ದು. ದೂರವಾಣಿಯಲ್ಲಿ ಕೇಳಕೂಡದು, ಹೆಣೆದ ವಸ್ತುವನ್ನು ನೋಡಕೂಡದು, ಸಂಶಯ ಬಂದಲ್ಲಿ ಕಾಗದದ ಅಂಚಿನಲ್ಲಿ ಗೀಟು ಹಾಕಬೇಕು. ಇದು ನಮ್ಮ ನಾಲ್ವರೊಳಗಿನ ಕಟ್ಟಳೆ. ಪಟ್ಟೆ ಟೊಪ್ಪಿಗೆಯ ಕಾಗದವು ಮಣಿಪಾಲದಿಂದ ಹಿಂದಿರುಗಿದಾಗ ಅದರ ಅಂಚಿನಲ್ಲಿ ಹನ್ನೊಂದು ಗೀಟುಗಳಿದ್ದುವು. ಹನ್ನೊಂದನ್ನೂ ತಿದ್ದಿದ ಮೇಲೆಯೇ ಅದು ಅಂಚೆಗೆ ಹೋಯಿತು.

ಇನ್ನು ‘ಸ್ವಂತ’ವೆಂಬ ಮಾತು. ಪತ್ರಿಕೆಗಳೆಲ್ಲವೂ "ಲೇಖನವು ಸ್ವಂತದ್ದಾಗಿರಬೇಕು" ಎಂದು ಕೇಳುತ್ತವೆ. ಕೇಳುವುದು ನ್ಯಾಯವೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯು ಬರೆದ ಮಾತಿಗೂ ಬಿಡಿಸಿದ ಚಿತ್ರಕ್ಕೂ ಉಂಟು. ಹೆಣೆಯುವ ವಿಧಾನಕ್ಕೆ ಇಲ್ಲ. ಕಾಯಿದೆಯ ಕಣ್ಣಿಗೆ ಇಷ್ಟು ಸಾಕು. ಆದರೆ ಮನೆಯ ಧರ್ಮಕ್ಕೆ ಸಾಲದೆಂಬುದನ್ನು ನಮಗೆ ಕಲಿಸಿದವರು ಕಾರ್ಕಳದ ನಮ್ಮ ಗೆಳತಿಯ ದೊಡ್ಡಮ್ಮನವರು.

ದೊಡ್ಡಮ್ಮನವರಿಗೆ ಎಂಬತ್ತು ದಾಟಿದೆ, ದೃಷ್ಟಿ ಮಂದವಾಗಿದೆ. ಅವರ ಕೊಕ್ಕೆಸೂಜಿಯ ಕುಲಾವಿಯು ಮೂರು ತಲೆಮಾರಿನ ಕೂಸುಗಳ ತಲೆಯ ಮೇಲೆ ಮೆರೆದುದು. ನೆತ್ತಿಯಿಂದ ತೊಡಗಿ ಆರು ಗಿಡ್ಡ ಕುಣಿಕೆ, ಮುಂದಿನ ಸುತ್ತಿಗೆ ಹನ್ನೆರಡು, ಅದರ ಮುಂದಿನದಕ್ಕೆ ಹದಿನೆಂಟು, ಹೀಗೆ ಸುತ್ತಿಗೆ ಆರಾರು ಏರಿಸುತ್ತ ಅವರು ಒಂದು ಬಿಲ್ಲೆಯನ್ನು ಮಾಡುವರು. ಬಿಲ್ಲೆಯು ತಮ್ಮ ಅಂಗೈಯನ್ನು ದಾಟಿ ಎರಡು ಬೆರಳು ಮಿಕ್ಕಿತೆಂದರೆ ಏರಿಸುವುದನ್ನು ನಿಲ್ಲಿಸಿ ಕೆಳಗಿಳಿಯುವರು. ಕಿವಿಯ ಬಳಿಯಲ್ಲಿ ಅವರದೇ ಆದ ಒಂದು ಉಪಾಯದಿಂದ ಮಡಿಕೆ ಬರುವುದು. ಕೂಸು ಎಷ್ಟು ಹೊರಳಿದರೂ ಕುಲಾವಿಯು ಜಾರದು. "ಎಷ್ಟು ಸುತ್ತು, ದೊಡ್ಡಮ್ಮ?" ಎಂದರೆ "ಕೈಗೆ ಗೊತ್ತಾಗ್ತದೆ ಮಗಾ" ಎಂಬುದೇ ಉತ್ತರ. ಕೊನೆಗೆ ನಾವು ಅವರ ಅಂಗೈಯನ್ನೂ ಬೆರಳುಗಳನ್ನೂ ಅಳೆದೆವು. ಬಿಲ್ಲೆಯ ಅಡ್ಡಳತೆಯು ಹತ್ತೂವರೆ ಸೆಂಟಿಮೀಟರು ಬಂದಿತು. ಅಡ್ಡಳತೆಯ ಮೂರು ಪಟ್ಟಿಗಿಂತ ತುಸು ಹೆಚ್ಚು ಸುತ್ತಳತೆಯಾದುದರಿಂದ ಕುಲಾವಿಯು 33 ಸೆಂಟಿಮೀಟರು ಆಗುವುದು. ಕೂಸಿನ ತಲೆಗೆ ಸರಿಯಾದ ಲೆಕ್ಕ! ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟ ಆ ಕೈಗೆ ಈ ಗಣಿತವೆಲ್ಲವೂ ತಿಳಿದಿತ್ತು.

ಅದನ್ನು ಬರೆದು, ಮೊದಲ ಎರಡು ವಾಕ್ಯಗಳಲ್ಲಿ ದೊಡ್ಡಮ್ಮನವರನ್ನೂ, ಅವರಿಗೆ ಹುಡುಗಿಯಾಗಿದ್ದಾಗ ಕೊಕ್ಕೆಸೂಜಿ ಹಿಡಿಯಲು ಕಲಿಸಿದ ಹೊಲಿಗೆಯ ಟೀಚರಮ್ಮನನ್ನೂ ಸ್ಮರಿಸಿ, ಒಂದು ಪತ್ರಿಕೆಗೆ ಕಳುಹಿಸಿದೆವು. ಆ ಪತ್ರಿಕೆಯ ಹೆಸರು ಇಲ್ಲಿ ಅನಾವಶ್ಯಕ. ಲೇಖನವು ಅಂದವಾಗಿ ಅಚ್ಚಾಯಿತು. ಆದರೆ ಸ್ಥಳಾಭಾವದಿಂದಲೋ ಏನೋ, ಆ ಎರಡು ವಾಕ್ಯಗಳು ಮಾತ್ರ ಮಾಯವಾಗಿದ್ದುವು. ಕೆಳಗೆ ನಮ್ಮ ಹೆಸರುಗಳಿದ್ದುವು. ದೊಡ್ಡಮ್ಮನವರು ಓದಿ ಹೇಳಿಸಿಕೊಂಡರು. ಮುಗಿದ ಮೇಲೆ, "ಅಷ್ಟೆಯಾ?" ಎಂದರು. ನಾವು ಸಂಕೋಚದಿಂದ ಸಂಗತಿಯನ್ನು ತಿಳಿಸಿದೆವು. "ನನ್ನ ಹೆಸರು ಬಿಟ್ಟರೆ ಬಿಡಲಿ ಮಗಾ. ಕಲಿಸಿದ ಟೀಚರಮ್ಮನ ಸುದ್ದಿಯೂ ಇಲ್ವಾ ಅದ್ರಲ್ಲಿ? ಅವರಿಗೆ ಮಕ್ಕಳಿರಲಿಲ್ಲ. ನಾವೇ ಅವರ ಮಕ್ಕಳು" ಎಂದು ಹೇಳಿ, ಕುಲಾವಿಯ ಚಿತ್ರದ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಸುಮ್ಮನಿದ್ದರು.

ಸಂಪಾದಕರ ಕತ್ತರಿಯು ಎಲ್ಲ ದೇಶದಲ್ಲಿಯೂ ಇರುವುದೇ. ಅಮೆರಿಕದ ಪ್ರಸಿದ್ಧ ಹೆಣಿಗೆಗಾರ್ತಿ ಎಲಿಜಬೆತ್ ಜಿಮ್ಮರ್‌ಮನ್ (1910–1999) ಎಂಬಾಕೆಯು ಸುತ್ತುಸುತ್ತಾಗಿ ಹೆಣೆಯುವ ಸ್ವೆಟರಿನ ಮಾದರಿಯನ್ನು ಕಳುಹಿಸಿದಾಗ, ಪತ್ರಿಕೆಯವರು ಅದನ್ನು ತುಂಡುತುಂಡಾಗಿ ಹೆಣೆದು ಹೊಲಿಯುವಂತೆ ಮಾರ್ಪಡಿಸಿ ಅಚ್ಚು ಹಾಕಿದರು. ಆಕೆಯು ಜಗಳಕ್ಕೆ ಹೋಗದೆ 1958ರಲ್ಲಿ ತನ್ನದೇ ಒಂದು ವಾರ್ತಾಪತ್ರವನ್ನು ಆರಂಭಿಸಿ, ತನ್ನ ರೀತಿಯಲ್ಲಿಯೇ ಬರೆದು ಹಂಚಿದಳು. ಪತ್ರಿಕೆ ತೆರೆಯುವ ಸಾಮರ್ಥ್ಯ ನಮಗಿಲ್ಲ. ನಾವು ಕಂಡುಕೊಂಡ ಉಪಾಯವು ಬೇರೆ. ಮತ್ತೊಂದು ಕುಲಾವಿಯ ಲೇಖನಕ್ಕೆ ಶಿರೋನಾಮೆಯಾಗಿಯೇ "ಟೀಚರಮ್ಮ ಕಲಿಸಿ ದೊಡ್ಡಮ್ಮ ತಿದ್ದಿದ ಕುಲಾವಿ" ಎಂದು ಬರೆದು, ಬೇರೊಂದು ಪತ್ರಿಕೆಗೆ ಕಳುಹಿಸಿದೆವು. ಮೊದಲ ವಾಕ್ಯವನ್ನು ಕತ್ತರಿಸುವ ಸಂಪಾದಕರು ಶಿರೋನಾಮೆಯನ್ನು ಹಾಗೆ ಕತ್ತರಿಸಲಾರರಷ್ಟೆ! ಅದು ಹಾಗೆಯೇ ಅಚ್ಚಾಯಿತು. ಈ ಸಲ ದೊಡ್ಡಮ್ಮನವರು ಓದಿಸಿಕೊಂಡದ್ದು ಶಿರೋನಾಮೆಯೊಂದನ್ನೇ; ಅದನ್ನೂ ಎರಡು ಸಲ.

ಕಳುಹಿಸಲು ಇಂದು ದಾರಿಗಳಿಗೆ ಕೊರತೆಯಿಲ್ಲ. ನಂಜನಗೂಡು ತಿರುಮಲಾಂಬಾ ಅವರು ‘ಕರ್ನಾಟಕ ನಂದಿನಿ’ಯನ್ನೂ, ಆರ್. ಕಲ್ಯಾಣಮ್ಮನವರು ‘ಸರಸ್ವತಿ’ಯನ್ನೂ ನಡೆಸಿ ಹೆಂಗಸರ ಲೇಖನಿಗೆ ಬಾಗಿಲು ತೆರೆದ ಕಾಲದಿಂದ ಮೊದಲ್ಗೊಂಡು ನಮ್ಮ ನುಡಿಯಲ್ಲಿ ಈ ಪರಂಪರೆಯಿದೆ. ನಮ್ಮ ಮಣಿಪಾಲದಿಂದಲೇ 1970ರಲ್ಲಿ ‘ಉದಯವಾಣಿ’ಯೂ, ಅನಂತರ ‘ತುಷಾರ’, ‘ತರಂಗ’ಗಳೂ ಹೊರಟುವು. ಕಡಲಾಚೆಯ ಕೆನಡಾದಲ್ಲಿ 2002ರಲ್ಲಿ ಆರಂಭವಾದ ‘ನಿಟ್ಟಿ’ ಎಂಬ ಅಂತರ್ಜಾಲ ಪತ್ರಿಕೆಯು ಹೆಣಿಗೆಗೆಂದೇ ಮೀಸಲಾದುದು; ಯಾವ ದೇಶದವರ ಸ್ವಂತ ಮಾದರಿಯಾದರೂ ಗುಣವಿದ್ದರೆ ಅಲ್ಲಿ ಸ್ಥಾನ ದೊರೆಯುವುದು. ಎಲ್ಲಿಗೆ ಕಳುಹಿಸಿದರೂ ನಿಯಮಗಳು ಒಂದೇ. ಅವರ ಸೂಚನೆಗಳನ್ನು ಮೊದಲು ಓದಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಬಾರದು. ಹಗಲು ಬೆಳಕಿನಲ್ಲಿ ತೆಗೆದ, ಕುಣಿಕೆಗಳು ಸ್ಪಷ್ಟವಾಗಿ ಕಾಣುವ ಚಿತ್ರಗಳನ್ನು ಲಗತ್ತಿಸಬೇಕು. ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಹಿಂದಿರುಗಿ ಬಂದರೆ ಎದೆಗುಂದದೆ, ಅದನ್ನು ಮತ್ತೊಮ್ಮೆ ಪರಕೈಯಿಂದ ಹೆಣೆಯಿಸಿ ನೋಡಬೇಕು.

ಒಟ್ಟಿನಲ್ಲಿ ಹೆಣಿಗೆಯನ್ನು ಬರೆದು ಕಳುಹಿಸುವವರ ತಲೆಯ ಮೇಲೆ ಎರಡು ಋಣಗಳಿವೆ. ಹಿಂದಿನದು ಕಲಿಸಿದವರದು, ಮುಂದಿನದು ನಮ್ಮನ್ನು ನಂಬಿ ಹೆಣೆಯುವವರದು. ಮೊದಲನೆಯದು ಹೆಸರು ಹೇಳುವುದರಿಂದಲೂ, ಎರಡನೆಯದು ಲೆಕ್ಕ ತಪ್ಪದಿರುವುದರಿಂದಲೂ ತೀರುವುದು. ಇವೆರಡನ್ನೂ ತೀರಿಸಿದ ಬಳಿಕ ಉಳಿಯುವುದು ಎಷ್ಟು ಅಲ್ಪವಾದರೂ ಅದೇ ನಮ್ಮ ಸ್ವಂತ. ಅದನ್ನು ನಮ್ಮದೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ವಾಚಕರೇ, ನಿಮ್ಮ ಮನೆಯಲ್ಲಿಯೂ ಒಬ್ಬ ದೊಡ್ಡಮ್ಮನೋ ಅಜ್ಜಿಯೋ ಚಿಕ್ಕಮ್ಮನೋ ಇದ್ದಾರು. ಅವರ ಕೈ ಇನ್ನೂ ಆಡುತ್ತಿರುವಾಗಲೇ ಒಂದು ಪುಸ್ತಕವನ್ನೂ ಅಳತೆಯ ಪಟ್ಟಿಯನ್ನೂ ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ. ಬರೆಯಲು ಪುರುಸೊತ್ತಿರುವ ಗೃಹಸ್ಥರೂ ಈ ಕೆಲಸಕ್ಕೆ ಕೈಗೂಡಿಸಿದರೆ ಲೇಸು. ಮೊದಲು ಕೇಳಬೇಕಾದುದು ಕುಣಿಕೆಗಳ ಸಂಖ್ಯೆಯನ್ನಲ್ಲ, "ನಿಮಗೆ ಇದನ್ನು ಕಲಿಸಿದವರು ಯಾರು?" ಎಂಬುದನ್ನು. ಆ ಹೆಸರನ್ನು ಪುಟದ ತುದಿಯಲ್ಲಿ ಬರೆದು, ಅನಂತರ ಮೊದಲ ಸಾಲನ್ನು ತೊಡಗಿರಿ.