ಕೇವಲದೇವನ ವನದ ಸಮತಟ್ಟಾದ ದಾರಿ

ಕಾಶಿ, ಪ್ರಯಾಗ, ಆಗ್ರಾಗಳ ಯಾತ್ರೆಗೆಂದು ವರ್ಷವರ್ಷವೂ ನಮ್ಮ ನಾಡಿನಿಂದ ತಂಡತಂಡವಾಗಿ ಜನ ಹೊರಡುತ್ತಾರೆ. ಇಂಥ ತಂಡಗಳಲ್ಲಿ ಮೊಣಕಾಲು ಸೋತ ಹಿರಿಯರು ಒಬ್ಬಿಬ್ಬರಾದರೂ ಇರುವರು. ಮೆಟ್ಟಿಲುಗಳಿದ್ದಲ್ಲೆಲ್ಲ ಅವರು ಕೆಳಗೇ ಉಳಿದು, ಮಿಕ್ಕವರ ಕೈಚೀಲ, ಪಾದರಕ್ಷೆಗಳನ್ನು ಕಾಯುವುದು ರೂಢಿಯಾಗಿಬಿಟ್ಟಿದೆ. 2019ರ ಡಿಸೆಂಬರಿನಲ್ಲಿ ನಾವು ಕೈಗೊಂಡ ಯಾತ್ರೆಯಲ್ಲಿ ಈ ಕಾವಲು ನಮ್ಮ ಹಿರಿಯಕ್ಕನ ಪಾಲಿಗೆ ಬಂದಿತ್ತು. ಆಗ ಆಕೆಗೆ 72 ವರ್ಷ. ಫತೇಪುರ ಸಿಕ್ರಿಯ ಬುಲಂದ್ ದರ್ವಾಜಾದ ಬುಡದಲ್ಲಿ ಆ ಎತ್ತರದ ಮೆಟ್ಟಿಲುಗಳನ್ನು ಒಮ್ಮೆ ತಲೆಯೆತ್ತಿ ನೋಡಿ, "ನೀವು ಹೋಗಿ ಬರ್ರಿ, ನಾ ಇಲ್ಲೇ ಚಪ್ಪಲಿ ಕಾಯ್ಕೊಂಡು ಕೂಡ್ತೀನಿ" ಎಂದಳು. ದನಿಯಲ್ಲಿ ಬೇಸರವಿರಲಿಲ್ಲ. ಬೇಸರವಿದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಅಲ್ಲಿಂದ ಸುಮಾರು 20 ಕಿ.ಮೀ. ಮುಂದೆ ಹೋದರೆ ರಾಜಸ್ಥಾನದ ಭರತಪುರ. ಊರಿನ ಅಂಚಿನಲ್ಲಿಯೇ ಕೇವಲಾದೇವ ರಾಷ್ಟ್ರೀಯ ಉದ್ಯಾನವಿದೆ. ವನದ ನಡುವೆ ಇರುವ ಒಂದು ಚಿಕ್ಕ ಶಿವಾಲಯದಿಂದ ಅದಕ್ಕೆ ಆ ಹೆಸರು. ಅಲ್ಲಿಗೆ ಹೋಗುವ ವಿಚಾರ ನಮ್ಮ ಯಾತ್ರಾಪಟ್ಟಿಯಲ್ಲಿ ಇರಲಿಲ್ಲ. ಆ ಕಾಡಿನಲ್ಲಿ ಏರಿಲ್ಲ, ಇಳಿತವಿಲ್ಲ, ಮೆಟ್ಟಿಲಿಲ್ಲ ಎಂದು ವಸತಿಗೃಹದವರು ಹೇಳಿದ ಮಾತಿನಿಂದ ನಮ್ಮ ಮನಸ್ಸು ಅತ್ತ ತಿರುಗಿತು.

ಮುಂಜಾನೆ ಮಂಜು ಕವಿದಿತ್ತು. ಉದ್ಯಾನದ ಮಧ್ಯದಲ್ಲಿ ಹಾಯ್ದುಹೋಗುವ ನೇರವಾದ ಟಾರು ರಸ್ತೆಯ ಒಳಭಾಗದಲ್ಲಿ ಪ್ರವಾಸಿಗರ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾಲ್ನಡಿಗೆಯಲ್ಲಿ, ಬಾಡಿಗೆ ಸೈಕಲ್ಲಿನಲ್ಲಿ ಅಥವಾ ಸೈಕಲ್ ರಿಕ್ಷಾದಲ್ಲಿ ಹೋಗಬೇಕು. ಗಾಲಿಕುರ್ಚಿಯನ್ನೂ ತಳ್ಳಿಕೊಂಡು ಹೋಗುವಷ್ಟು ದಾರಿ ಸಮತಟ್ಟಾಗಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ಬ್ಯಾಟರಿ ರಿಕ್ಷಾಗಳೂ ಬಂದಿವೆ. ನಾವು ಹೋದಾಗ ನಮ್ಮ ಪಾಲಿಗೆ ಬಂದವರು ಬಿಳಿಗಡ್ಡದ ಒಬ್ಬ ಸರದಾರರು. ಮನುಷ್ಯನು ತುಳಿಯುವ ಗಾಡಿಯಲ್ಲಿ ಇನ್ನೊಬ್ಬ ಮನುಷ್ಯನು ಕುಳಿತು ಹೋಗುವುದು ನಮ್ಮ ಮನಸ್ಸಿಗೆ ಒಗ್ಗದ ಸಂಗತಿ. ನಮಗೆ ತಿಳಿದಷ್ಟು ಹಿಂದಿಯಲ್ಲಿ ಅದನ್ನು ಹೇಳಿದೆವು. ಅವರು ನಕ್ಕು, "ಇದು ನನ್ನ ಕೆಲಸ, ಗಂಟೆಗೆ ಇಷ್ಟೆಂದು ಇಲಾಖೆಯೇ ದರ ಕಟ್ಟಿದೆ, ನೀವು ನಡೆಯಿರಿ, ಮಾತಾಜಿ ಕೂಡಲಿ" ಎಂದರು. ಕಾಯಕದ ವಿಷಯವಾಗಿ ನೂರಾರು ಉಪನ್ಯಾಸ ಮಾಡಿದ ನಮಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಅಕ್ಕ ರಿಕ್ಷಾ ಏರಿದಳು, ನಾವು ಪಕ್ಕದಲ್ಲಿ ನಡೆದೆವು.

ಮೊದಲಿಗೆ ಒಣಭೂಮಿಯ ಕುರುಚಲು ಕಾಡು, ಮುಂದೆ ರಸ್ತೆಯ ಎರಡೂ ಬದಿಗೆ ವಿಶಾಲವಾದ ಕೆರೆಗಳು. ನೀರಿನ ನಡುವೆ ಜಾಲಿಮರಗಳು ನಿಂತಿವೆ. ಅವುಗಳ ಕೊಂಬೆಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗಾಗಿ ಕಾದಿದ್ದವು, ಹಾವಕ್ಕಿಯೊಂದು ಕತ್ತನ್ನಷ್ಟೇ ಮೇಲೆತ್ತಿ ಈಜುತ್ತಿತ್ತು. ಸರದಾರರಿಗೆ ಪ್ರತಿಯೊಂದು ಹಕ್ಕಿಯ ಹೆಸರೂ ಗೊತ್ತು. ಅಲ್ಲಿನ ರಿಕ್ಷಾದವರಿಗೆ ಪಕ್ಷಿಗಳ ಪರಿಚಯದಲ್ಲಿ ತರಬೇತಿ ಕೊಡಲಾಗಿದೆ. ಅವರ ಹಿಂದಿ ಅಕ್ಕನಿಗೆ ತಿಳಿಯದು, ಅಕ್ಕನ ಕನ್ನಡ ಅವರಿಗೆ ತಿಳಿಯದು. ಆದರೂ ತಲೆಯ ಮೇಲೆ ಎರಡು ಕರಿಯ ಪಟ್ಟೆಗಳಿರುವ ಹೆಬ್ಬಾತುಗಳ ಹಿಂಡನ್ನು ಅವರು ತೋರಿಸಿದೊಡನೆ ಅಕ್ಕ, "ಅಯ್ಯ, ಇವು ನಮ್ಮ ಮಾಗಡಿ ಕೆರಿ ಬಾತು!" ಎಂದು ಕೂಗಿಯೇಬಿಟ್ಟಳು. ಆಕೆಯ ಗಂಡನ ಮನೆ ಶಿರಹಟ್ಟಿಯ ಕಡೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳೇ ಇವು. ಸುತ್ತಲಿನ ಹೊಲಗಳಿಗೆ ಇಳಿದು ಮೇಯುವ ಈ ಬಾತುಗಳನ್ನು ಆಕೆ ನಲವತ್ತು ವರ್ಷ ಕಂಡವಳು.

ಈ ವನವು ತಾನಾಗಿ ಆದುದಲ್ಲವೆಂಬುದನ್ನು ಓದುಗರು ಗಮನಿಸಬೇಕು. 18ನೆಯ ಶತಮಾನದಲ್ಲಿ ಭರತಪುರದ ಮಹಾರಾಜ ಸೂರಜ್‌ಮಲ್ ಕಟ್ಟಿಸಿದ ಅಜಾನ್ ಬಂಧ್ ಎಂಬ ಒಡ್ಡಿನಿಂದ ತಗ್ಗಿಗೆ ನೀರು ಹರಿದು ಈ ಜೌಗುಭೂಮಿ ಬೆಳೆಯಿತು. ಮುಂದಿನ ರಾಜರು ಒಡ್ಡು, ತೂಬುಗಳನ್ನು ಹೆಚ್ಚಿಸಿ ಇದನ್ನು ಬಾತುಗಳ ಬೇಟೆಯ ತಾಣವಾಗಿಸಿದರು. ಶಿವಾಲಯದ ಸಮೀಪದಲ್ಲಿಯೇ ಕಲ್ಲಿನ ಫಲಕಗಳ ಮೇಲೆ ಯಾವ ದಿನ, ಯಾವ ಅತಿಥಿಯ ಗೌರವಾರ್ಥ ಎಷ್ಟು ಹಕ್ಕಿಗಳನ್ನು ಕೊಂದರೆಂಬ ಲೆಕ್ಕವನ್ನು ಕೆತ್ತಿದ್ದಾರೆ. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದ ಒಂದೇ ದಿನ 4,273 ಹಕ್ಕಿಗಳು! ದೇವರ ಎದುರಿಗೆ ಇಂಥ ಶಾಸನವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಅಕ್ಕನಿಗೆ ಅದನ್ನು ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ: "ಇಷ್ಟನ್ನೂ ಎಣಿಸಿದವರು ಯಾರೋ?"

1982ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಆದರೆ 1982ರಲ್ಲಿಯೇ ದನಕರುಗಳ ಮೇವನ್ನು ನಿಷೇಧಿಸಿದಾಗ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿ, ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. ಇಷ್ಟಾದ ಮೇಲೆ ಕಂಡದ್ದೇನೆಂದರೆ, ಎಮ್ಮೆಗಳು ಮೇಯದೆ ಹುಲ್ಲು ಬೆಳೆದು ನೀರನ್ನೇ ಮುಚ್ಚತೊಡಗಿತು. ಹಕ್ಕಿಗಳಿಗೆ ಒಳ್ಳೆಯದಾಗಲೆಂದು ಮಾಡಿದ್ದೇ ತೊಡಕಾಯಿತೆಂದು ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ವಿಜ್ಞಾನಿಗಳು ದೀರ್ಘ ಅಧ್ಯಯನದಿಂದ ತೋರಿಸಿದರು. ಮುಂದೆ ಮೇಲ್ಭಾಗದ ಪಾಂಚನಾ ಅಣೆಕಟ್ಟಿನಿಂದ ನೀರು ಬಿಡುವ ವಿಷಯದಲ್ಲಿ ರೈತರ ವಿರೋಧವೆದ್ದು ಕೆರೆಗಳು ಒಣಗಿದ ವರ್ಷಗಳೂ ಉಂಟು. ಬೇರೆ ಕಾಲುವೆಯಿಂದಲೂ ಚಂಬಲ್ ನದಿಯಿಂದ ಕೊಳವೆಯ ಮೂಲಕವೂ ನೀರು ತರಬೇಕಾಯಿತು. ಸೈಬೀರಿಯದಿಂದ ಬರುತ್ತಿದ್ದ ಬಿಳಿಯ ಕ್ರೌಂಚಗಳು 2002ರ ನಂತರ ಇಲ್ಲಿಗೆ ಬಂದಿಲ್ಲ.

ಶಿವಾಲಯದ ಬಳಿಯಿಂದ ಮಣ್ಣಿನ ಏರಿಯೊಂದು ಕೆರೆಗಳ ನಡುವೆ ಹೋಗುತ್ತದೆ. ಅಲ್ಲಿ ರಿಕ್ಷಾ ಸಾಗದು. ಹೆಬ್ಬಾವು ಕಾಣಬಹುದೆಂಬ ಆಸೆಯಿಂದ ತಂಡದವರೊಡನೆ ನಾವೂ ಹೊರಟೆವು. ಅಕ್ಕ ಇಲ್ಲಿಯೂ ಹಿಂದುಳಿದಳು. ದಾರಿ ಎಷ್ಟೇ ಸಮತಟ್ಟಾಗಿದ್ದರೂ ಅದಕ್ಕೊಂದು ಕೊನೆ ಇದ್ದೇ ಇರುತ್ತದಲ್ಲ ಎಂದು ಮನಸ್ಸು ಮುದುಡಿತು. ಒಂದು ಗಂಟೆ ಅಲೆದೆವು, ಹೆಬ್ಬಾವು ಕಾಣಲಿಲ್ಲ. ತಿರುಗಿ ಬಂದಾಗ ಅಕ್ಕ ರಿಕ್ಷಾದಲ್ಲಿ ಕುಳಿತಲ್ಲಿಂದಲೇ, ಸದ್ದು ಮಾಡಬೇಡಿರೆಂದು ಕೈಸನ್ನೆ ಮಾಡಿದಳು. ರಸ್ತೆಯಿಂದ ಇಪ್ಪತ್ತು ಮಾರು ದೂರದ ಹುಲ್ಲಿನಲ್ಲಿ ಸಾರಸ ಪಕ್ಷಿಗಳ ಜೋಡಿ ನಿಂತಿತ್ತು. ಆಳೆತ್ತರದ ದೇಹ, ಕೆಂಪು ತಲೆ. ನಾವು ಬಂದ ಸದ್ದಿಗೋ ಏನೋ, ನಿಧಾನವಾಗಿ ಹುಲ್ಲಿನೊಳಕ್ಕೆ ನಡೆದುಹೋದವು.

"ಎರಡೂ ಕೂಡಿ ಕಹಳಿ ಊದಿದಂಗ ಕೂಗಿದ್ವು. ನೀವು ಇದ್ದಿದ್ರ ಕೇಳ್ತಿದ್ರಿ" ಎಂದಳು ಅಕ್ಕ. ನಮಗೆ ಆ ಕೂಗು ಕೇಳಿಸಿರಲಿಲ್ಲ.

ಹೋಗಬಯಸುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ವಲಸೆಯ ಹಕ್ಕಿಗಳ ಕಾಲ. ಬೆಳಿಗ್ಗೆ ಚಳಿ ಬಹಳ, ಶಾಲು ಮರೆಯಬಾರದು. ಹಿರಿಯರಿದ್ದರೆ ಎರಡು ಗಂಟೆಯಲ್ಲಿ ಮುಗಿಸುವ ಅವಸರ ಬೇಡ, ಅರ್ಧ ದಿನವನ್ನಾದರೂ ಇಟ್ಟುಕೊಳ್ಳಬೇಕು.

ಬಾಗಿಲಿಗೆ ಮರಳಿದಾಗ ಬಿಸಿಲೇರಿತ್ತು. ಅಕ್ಕ ತನ್ನ ಬುತ್ತಿಗಂಟನ್ನು ಬಿಚ್ಚಿ ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಸರದಾರರ ಕೈಗಿತ್ತಳು. ಅವರು ರೊಟ್ಟಿಯನ್ನು ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿ, ಇದು ಯಾವ ಧಾನ್ಯದ್ದೆಂದು ಕೇಳಿದರು. "ಜೋಳ" ಎಂದಳು ಅಕ್ಕ. "ಜ್ವಾರ್" ಎಂದೆವು ನಾವು. ಅವರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಉಳಿದುದನ್ನು ಬಟ್ಟೆಯಲ್ಲಿ ಸುತ್ತಿ, ಮುಂದಿನ ಪ್ರಯಾಣಿಕರ ಸರದಿಗೆ ಗಾಡಿಯನ್ನು ತಿರುಗಿಸಿಕೊಂಡರು.