ಧುಮುಕುವ ಮೊದಲು ಒಂದು ಮಾತು

ಹಿಂದೆ ಮುಂಬಯಿಯ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನ ಹೆಸರು ಹೊತ್ತ ನಮ್ಮ ಗ್ರಾಂಟ್ ರೋಡಿನಲ್ಲಿ ಅನೇಕ ಫಾಸ್ಟ್ ಲೋಕಲ್‌ಗಳು ನಿಲ್ಲುವುದಿಲ್ಲ. ಆದರೆ ಇಲ್ಲಿಯ ಕನ್ನಡ ಮನೆಗಳ ಮಕ್ಕಳು ಮಾತ್ರ ಬಹಳ ಫಾಸ್ಟ್! ದೀಪಾವಳಿ ರಜೆ ಬಂತೆಂದರೆ ಒಬ್ಬ ಮನಾಲಿಯಲ್ಲಿ ಪ್ಯಾರಾಗ್ಲೈಡಿಂಗ್ ಮಾಡುತ್ತಾನೆ, ಇನ್ನೊಬ್ಬಳು ಹೃಷಿಕೇಶದಲ್ಲಿ ಗಂಗೆಯ ಮೇಲೆ ರ್‍ಯಾಫ್ಟ್ ನಡೆಸುತ್ತಾಳೆ, ಮತ್ತೊಬ್ಬ ಆಫ್ರಿಕಾದ ಕಿಲಿಮಂಜಾರೋ ಹತ್ತಲು ಹಣ ಕೂಡಿಸುತ್ತಿದ್ದಾನೆ. ಸಂಘದ ಕಾರ್ಯಕ್ರಮಗಳಲ್ಲಿ ಸೇರಿದಾಗ ನಾವು ತಾಯಂದಿರು ಕೇಳುವ ಪ್ರಶ್ನೆ ಒಂದೇ: “ದುಡ್ಡು ಕೊಟ್ಟು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವ ಈ ಹುಚ್ಚು ಯಾಕೆ?”

ಪ್ರಶ್ನೆ ಸುಲಭ, ಉತ್ತರ ಅಷ್ಟು ಸುಲಭವಲ್ಲ. ಮಕ್ಕಳ ಬೆನ್ನ ಹಿಂದೆ ನಾಲ್ಕಾರು ಕಡೆ ತಿರುಗಾಡಿದ ಗೃಹಿಣಿಯಾಗಿ ನನಗೆ ತೋಚಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ನಮ್ಮ ಮನೆಯ ಒಂದು ಹಳೆಯ ಪ್ರವಾಸದ ಕಥೆ. ನಮ್ಮ ಮಾವನವರು ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟವರು. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಮಂಗಳೂರಿನಿಂದ ಹಡಗು ಹತ್ತಿ, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ, ವಾಂತಿ ಮಾಡಿಕೊಳ್ಳುತ್ತಾ ಅವರು ಭಾವುಚಾ ಧಕ್ಕೆಯಲ್ಲಿ ಇಳಿದರಂತೆ. ಮಳೆಗಾಲದಲ್ಲಿ ಆ ಹಡಗೂ ಇರಲಿಲ್ಲ. ಮರುದಿನದಿಂದಲೇ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು, ಆಮೇಲೆ ಹೋಟೆಲಿನ ಮೇಜಿನ ಮೇಲೆಯೇ ನಿದ್ದೆ. ಇದನ್ನು ಅವರು ಎಂದೂ ಸಾಹಸ ಎಂದು ಕರೆಯಲಿಲ್ಲ. “ಹೊಟ್ಟೆಪಾಡು” ಎಂದಷ್ಟೇ ಹೇಳುತ್ತಿದ್ದರು.

ನೋಡಿ, ಇಲ್ಲಿದೆ ವ್ಯತ್ಯಾಸ. ಅವರದು ಬೇರೆ ದಾರಿಯಿಲ್ಲದ ಸಾಹಸ, ನಿಮ್ಮದು ಆರಿಸಿಕೊಂಡ ಸಾಹಸ. ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗೆ ಬಂದದ್ದು ಅಂತಹ ಹುಡುಗರು ತೊಳೆದ ಕಪ್ಪು-ಬಸಿಗಳಿಂದ. ನಿಮ್ಮನ್ನು ನಾಚಿಸುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಹೀಗೆ ಕಷ್ಟಪಟ್ಟು ಬಂದ ಸ್ವಾತಂತ್ರ್ಯವನ್ನು ಹೇಗೆ ಬಳಸಬೇಕು ಎಂಬುದೇ ನನ್ನ ವಿಷಯ.

2016ರಲ್ಲಿ ನಾವು ನ್ಯೂಜಿಲೆಂಡಿಗೆ ಹೋಗಿದ್ದೆವು. ಕ್ವೀನ್ಸ್‌ಟೌನಿನ ಹತ್ತಿರ ಕವಾರೌ ನದಿಯ ಹಳೆಯ ಸೇತುವೆಯಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು ಧುಮುಕುವ ಬಂಜೀ ಜಂಪಿಂಗ್ 1988ರಲ್ಲಿ ಆರಂಭವಾಯಿತು. ಎತ್ತರ 43 ಮೀಟರ್. ಇದರ ಮೂಲ ಶಾಂತಸಾಗರದ ವನುವಾಟು ದೇಶದ ಪೆಂಟಕಾಸ್ಟ್ ದ್ವೀಪದಲ್ಲಿದೆ. ಅಲ್ಲಿಯ ಗಂಡಸರೂ ಹುಡುಗರೂ ಗೆಣಸಿನ ಬೆಳೆಯ ಕಾಲದಲ್ಲಿ ಮರದ ಅಟ್ಟಣಿಗೆ ಕಟ್ಟಿ, ಕಾಲಿಗೆ ಕಾಡುಬಳ್ಳಿ ಬಿಗಿದುಕೊಂಡು ನೆಲಕ್ಕೆ ಹಾರುತ್ತಾರೆ. ಅವರಿಗೆ ಅದು ವ್ರತವಿದ್ದ ಹಾಗೆ, ನಮಗೆ ಟಿಕೆಟ್ಟಿನ ಆಟ!

ನಮ್ಮ ಮಗಳು ಧುಮುಕಿದಳು. ನಾನು ಕಟಕಟೆ ಹಿಡಿದುಕೊಂಡು ಕುಲದೇವರಿಂದ ಹಿಡಿದು ಕಟೀಲಮ್ಮನವರೆಗೆ ಎಲ್ಲರನ್ನೂ ಕರೆದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವಳ ಜಿಗಿತಕ್ಕಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಅರ್ಧ ಗಂಟೆ. ತೂಕ ನೋಡಿದರು, ಅದನ್ನು ಅವಳ ಕೈಮೇಲೆಯೇ ಬರೆದರು, ಆ ತೂಕಕ್ಕೆ ತಕ್ಕ ಹಗ್ಗ ಆರಿಸಿದರು. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಪರೀಕ್ಷಿಸಿದ. ಅಲ್ಲಿ ಧೈರ್ಯವೆಂಬುದು ಧುಮುಕುವವಳಲ್ಲಿ ಎಷ್ಟಿತ್ತೋ ಹಗ್ಗ ಕಟ್ಟುವವನ ಶಿಸ್ತಿನಲ್ಲೂ ಅಷ್ಟೇ ಇತ್ತು.

ಎರಡನೆಯ ಅನುಭವ ನಮ್ಮದೇ ಉತ್ತರ ಕನ್ನಡದ್ದು. ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿಗೆ ಸೂಪಾ ಅಣೆಕಟ್ಟು ಇದೆ. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿಹೋಯಿತು. ವಿದ್ಯುತ್ ಉತ್ಪಾದನೆಗಾಗಿ ಬಿಟ್ಟ ನೀರು ಕೆಳಗೆ ಬಂಡೆಗಳ ನಡುವೆ ನುಗ್ಗುವಾಗ ರ್‍ಯಾಫ್ಟಿಂಗ್ ನಡೆಯುತ್ತದೆ. ಅಂದರೆ ನಮ್ಮ ಆಟದ ವೇಳೆಯನ್ನು ನಿರ್ಧರಿಸುವುದು ಯಾರದೋ ಮನೆಯ ದೀಪ! ಇಲ್ಲಿ ನಾನೂ ಹುಟ್ಟು ಹಿಡಿದು ಕುಳಿತೆ. ಮೊದಲ ಅಲೆಗೆ ಕಣ್ಣು ಮುಚ್ಚಿದೆ, ಎರಡನೆಯದಕ್ಕೆ ಕಿರುಚಿದೆ, ಮೂರನೆಯದಕ್ಕೆ ನಕ್ಕೆ. “ಅಕ್ಕಾ, ಹೆದರಬೇಡಿ, ನಾನು ಹೇಳಿದಾಗ ಮಾತ್ರ ಹುಟ್ಟು ಹಾಕಿ” ಎಂದು ಗೈಡ್ ಹುಡುಗ ಕನ್ನಡದಲ್ಲಿ ಕೂಗುತ್ತಿದ್ದ. ಅಪಾಯದ ಹೊತ್ತಿನಲ್ಲಿ ತಾಯ್ನುಡಿ ಕಿವಿಗೆ ಬಿದ್ದರೆ ಅರ್ಧ ಭಯ ಇಳಿದುಹೋಗುತ್ತದೆ.

ಇನ್ನೊಂದು ವರ್ಷ ಬೇರೊಂದು ನದಿಗೆ ಹೋಗಿದ್ದೆವು. ಸ್ಥಳದ ಹೆಸರು ಬೇಡ. ಅವರು ಕೊಟ್ಟ ಎರಡು ಲೈಫ್ ಜಾಕೆಟ್ಟುಗಳ ಬಕಲು ಮುರಿದಿತ್ತು. “ಏನೂ ಆಗೋದಿಲ್ಲ, ಗಂಟು ಹಾಕಿಕೊಳ್ಳಿ” ಎಂದರು. ನಮ್ಮವರು ಮಾತಾಡದೆ ಎಲ್ಲರನ್ನೂ ದಡದಿಂದ ವಾಪಸು ಕರೆತಂದರು. ಕೊಟ್ಟ ಮುಂಗಡ ಹೋಯಿತು. ಮಗ ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದ. ಆದರೆ ನನ್ನ ಲೆಕ್ಕದಲ್ಲಿ ಆ ಪ್ರವಾಸದ ಅತಿ ದೊಡ್ಡ ಸಾಹಸ ಅದೇ. ಗೆಳೆಯರ ಎದುರು “ಬೇಡ” ಎನ್ನುವುದಕ್ಕೆ ನದಿಗೆ ಇಳಿಯುವುದಕ್ಕಿಂತ ಹೆಚ್ಚಿನ ಗುಂಡಿಗೆ ಬೇಕು.

ಮೂರನೆಯದು ಕುಮಾರ ಪರ್ವತ. ಕುಕ್ಕೆ ಸುಬ್ರಹ್ಮಣ್ಯದ ಹಿಂದೆ 1,712 ಮೀಟರ್ ಎತ್ತರಕ್ಕೆ ನಿಂತ ಬೆಟ್ಟ. ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ. ಎಷ್ಟೋ ತಲೆಮಾರಿನ ಚಾರಣಿಗರು ಉಂಡ ಮನೆ ಅದು. ಏದುಸಿರು ಬಿಡುತ್ತಾ ಬಂದ ನನಗೆ ಅಲ್ಲಿಯ ಅನ್ನ-ಸಾರು, ಮಜ್ಜಿಗೆ ಅಮೃತವೇ ಆಯಿತು. ಆದರೆ 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಮ್ಮೆಲೇ ಈ ಬೆಟ್ಟಕ್ಕೆ ನುಗ್ಗಿದರು. ಅನಂತರ ಅರಣ್ಯ ಇಲಾಖೆ ಮುಂಗಡ ನೋಂದಣಿ ಇಲ್ಲದೆ ಬರಬಾರದೆಂದು ಚಾರಣಿಗರ ಸಂಖ್ಯೆಗೆ ಮಿತಿ ಹಾಕಬೇಕಾಯಿತು. ಮಳೆಗಾಲದಲ್ಲಿ ಚಾರಣವೇ ಬಂದ್. ಕೆಲವರು ಇದಕ್ಕೆ ಗೊಣಗುತ್ತಾರೆ. ಚರ್ಚ್‌ಗೇಟ್ ಲೋಕಲಿನ ನೂಕುನುಗ್ಗಲನ್ನೇ ಬೆಟ್ಟಕ್ಕೂ ಒಯ್ಯುವುದಾದರೆ ಬೆಟ್ಟಕ್ಕೆ ಹೋಗುವುದಾದರೂ ಯಾಕೆ, ಹೇಳಿ?

ಇನ್ನು ತಂದೆ-ತಾಯಿಗಳಿಗೂ ಒಂದು ಮಾತು. ಮಗ ಟ್ರೆಕ್ಕಿಂಗ್ ಹೊರಟರೆ ಬೂಟು ಕೊಡಿಸುವ ನಾವು, ಮಗಳು ಹೊರಟರೆ “ಯಾರ್‍ಯಾರು ಬರ್ತಾರೆ? ಬಿಸಿಲಿಗೆ ಕಪ್ಪಾದರೆ ನೋಡಲು ಬಂದವರು ಏನಂದಾರು?” ಎಂದು ಶುರು ಮಾಡುತ್ತೇವೆ. 1975ರಲ್ಲಿ ಎವರೆಸ್ಟ್ ಏರಿದ ಮೊದಲ ಮಹಿಳೆ ಜಪಾನಿನ ಜುಂಕೋ ತಾಬೇ. ಆಗ ಆಕೆ ಪುಟ್ಟ ಹೆಣ್ಣುಮಗುವಿನ ತಾಯಿ. ಹಿಮಪಾತದಲ್ಲಿ ಹೂತುಹೋಗಿ, ಎಳೆದು ಹೊರಗೆ ತೆಗೆಸಿಕೊಂಡು, ಕೆಲವೇ ದಿನಗಳಲ್ಲಿ ಮತ್ತೆ ಹೊರಟು ಶಿಖರ ಮುಟ್ಟಿದವಳು. 1984ರಲ್ಲಿ ನಮ್ಮ ಬಚೇಂದ್ರಿ ಪಾಲ್ ಭಾರತದ ಮೊದಲ ಮಹಿಳೆಯಾಗಿ ಅಲ್ಲಿ ನಿಂತಳು. ಯಾರ ಬಣ್ಣವನ್ನು ಯಾರು ಕೇಳಿದರು? ಸುರಕ್ಷತೆಯ ಪ್ರಶ್ನೆ ಕೇಳಲೇಬೇಕು. ಆದರೆ ಅದನ್ನು ಮಗನಿಗೂ ಮಗಳಿಗೂ ಸಮನಾಗಿ ಕೇಳೋಣ.

ಸಾಹಸಕ್ಕೆ ವೀಸಾ ಬೇಕೆಂದೇನೂ ಇಲ್ಲ. ಗ್ರಾಂಟ್ ರೋಡಿನಿಂದ ದಾದರಿಗೆ ಹೋಗಿ, ಮಧ್ಯ ರೈಲ್ವೆಯ ಕಸಾರಾ ಲೋಕಲ್ ಹಿಡಿಯಿರಿ. ಮುಂದೆ ಜೀಪಿನಲ್ಲಿ ಬಾರಿ ಎಂಬ ಹಳ್ಳಿ. ಅಲ್ಲಿಂದ 1,646 ಮೀಟರ್ ಎತ್ತರದ ಕಳಸೂಬಾಯಿ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಕಡಿದಾದ ಕಡೆ ಕಬ್ಬಿಣದ ಏಣಿಗಳಿವೆ. ತುದಿಯಲ್ಲಿ ದೇವಿಯ ಪುಟ್ಟ ಗುಡಿ. ನವರಾತ್ರಿಯಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ಸೀರೆ ಉಟ್ಟುಕೊಂಡೇ ಹತ್ತುತ್ತಾರೆ!

ಆದ್ದರಿಂದ ಹೋಗಿ ಬನ್ನಿ, ಮಕ್ಕಳೇ. ಎಲ್ಲಿಗೆ, ಯಾರ ಜೊತೆ, ಯಾವಾಗ ವಾಪಸು ಎಂಬುದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ ಹೋಗಿ. ಊರವರು ಬೇಡವೆಂದ ನೀರಿಗೆ ಇಳಿಯಬೇಡಿ. ಒಯ್ದ ಪ್ಲಾಸ್ಟಿಕ್ ಹಿಂದಕ್ಕೆ ತನ್ನಿ. ಬೆಟ್ಟದ ಮನೆಗಳಲ್ಲಿ ಎರಡು ಮಾತು ಕನ್ನಡದಲ್ಲಿ ಆಡಿ, ಊಟದ ರುಚಿ ಹೆಚ್ಚುತ್ತದೆ. ಕೊನೆಯದಾಗಿ, ಮುಂದಿನ ಸಲ ಅಮ್ಮನನ್ನೂ ಕರೆಯಿರಿ. ಮೊದಲು ಅವಳು ಬೇಡವೆನ್ನುತ್ತಾಳೆ, ಇನ್ನೊಮ್ಮೆ ಕರೆದರೆ ಬೂಟಿನ ಅಳತೆ ಹೇಳುತ್ತಾಳೆ.