ಬರಿದಾಗಿ ಕಂಡ ಉಗ್ರಾಣ

ನಮ್ಮ ತಾಯಿಯವರು ಹಾಡುತ್ತಿದ್ದ ಹಸೆಯ ಹಾಡುಗಳೂ ಆರತಿಯ ಹಾಡುಗಳೂ ಕೂಡಿ ೪೧. ಅವರು ಬದುಕಿದ್ದಾಗಲೇ ಅವುಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆವು. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆಂಬುದು ತೀರ್ಥಹಳ್ಳಿಯ ಕಡೆಯವರಿಗೆ ಹೇಳಬೇಕಾದ ಮಾತಲ್ಲ. ಆದಕಾರಣ ಎಲ್ಲವನ್ನೂ ಗಣಕಯಂತ್ರದ ಕಡತಗಳನ್ನಾಗಿ ಮಾಡಿಸಿ, ಒಂದು ಪ್ರತಿಯನ್ನು ಅಂತರ್ಜಾಲದಲ್ಲಿ ಬಾಡಿಗೆಗೆ ಪಡೆದ ಉಗ್ರಾಣದಲ್ಲಿಯೂ ಇನ್ನೊಂದನ್ನು ಮನೆಯ ಡಿಸ್ಕಿನಲ್ಲಿಯೂ ಇರಿಸಿ, ಹಳೆಯ ಕ್ಯಾಸೆಟ್ಟುಗಳನ್ನು ನಾನೇ ಎಸೆದೆನು. ಎರಡು ಕಡೆ ಇದ್ದಮೇಲೆ ಮೂರನೆಯದೇಕೆ ಎಂಬುದು ನನ್ನ ಅಂದಿನ ವಿವೇಕ.

ತಮ್ಮನ ಮಗಳ ಮದುವೆಯು ಶ್ರಾವಣಕ್ಕೆ ನಿಶ್ಚಯವಾಗಿತ್ತು. ಆರತಿಯ ಹೊತ್ತಿಗೆ ಅಜ್ಜಿಯ ಕಂಠವೇ ಕೇಳಬೇಕೆಂದು ಹುಡುಗಿಯ ಹಟ. ಆಷಾಢದ ಒಂದು ಬೆಳಗ್ಗೆ, ರಾತ್ರಿಯೆಲ್ಲ ಗಾಳಿಮಳೆ ಬಡಿದು ನಿಂತ ಮೇಲೆ, ಆಕೆ ಯಂತ್ರದ ಮುಂದೆ ಕುಳಿತವಳು, “ದೊಡ್ಡಪ್ಪಾ, ಇಲ್ಲಿ ಏನೂ ಇಲ್ಲವಲ್ಲ!” ಎಂದು ಕೂಗಿದಳು. ಹೋಗಿ ನೋಡಿದೆನು. ಹಾಡುಗಳಿರಬೇಕಾದ ಕಡತಕೋಶವು ಬರಿದಾಗಿತ್ತು. ಗಾಬರಿಯಿಂದ ಮನೆಯ ಡಿಸ್ಕನ್ನು ತೆರೆದರೆ ಅದೂ ಬರಿದು!

ನಮ್ಮ ಮನೆಯ ಏರ್ಪಾಡನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಒಂದು ಯಂತ್ರದ ಕಡತಗಳನ್ನು ಮತ್ತೊಂದು ಯಂತ್ರದಲ್ಲಿ ತನ್ನವೇ ಎಂಬಂತೆ ಕಾಣಿಸುವ ಎನ್‌ಎಫ್‌ಎಸ್ ಎಂಬ ಪದ್ಧತಿಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ೧೯೮೪ರಲ್ಲಿ ರೂಪಿಸಿದರು. ಹಾಗೆ ಜೋಡಿಸುವುದಕ್ಕೆ ಮೌಂಟ್ ಮಾಡುವುದೆಂದು ಹೆಸರು. ಆಬ್ಜೆಕ್ಟ್ ಸ್ಟೋರೇಜ್ ಎಂಬ ಉಗ್ರಾಣದ ರೀತಿಯೇ ಬೇರೆ. ಅಮೆಜಾನಿನವರು ೨೦೦೬ರಲ್ಲಿ ಎಸ್‌ತ್ರೀ ಎಂಬ ಹೆಸರಿನಿಂದ ಬಳಕೆಗೆ ತಂದ ಈ ಬಗೆಯನ್ನು ಈಗ ಅನೇಕರು ಅನುಸರಿಸುತ್ತಾರೆ. ಅಲ್ಲಿ ಕೋಣೆಯೂ ಇಲ್ಲ, ಕಪಾಟೂ ಇಲ್ಲ. ಒಂದೊಂದು ವಸ್ತುವಿಗೂ ಒಂದೊಂದು ಉದ್ದನೆಯ ಹೆಸರು, ಅಷ್ಟೆ. ಇವೆರಡರ ನಡುವೆ ದುಭಾಷಿಯೊಬ್ಬನು ಬೇಕು. ನಮ್ಮಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರದೊಳಗೆ ಎಸ್‌ತ್ರೀಎಫ್‌ಎಸ್ ಎಂಬ ತಂತ್ರಾಂಶವು ಆ ಕೆಲಸವನ್ನು ಮಾಡುತ್ತಿತ್ತು. ಅದು ಉಗ್ರಾಣವನ್ನು ಕಡತಕೋಶವೆಂಬಂತೆ ತೋರಿಸುವುದು. ಅದನ್ನು ಎನ್‌ಎಫ್‌ಎಸ್ ಮೇಜಿನ ಯಂತ್ರಕ್ಕೆ ಮುಟ್ಟಿಸುವುದು. ಮೇಜಿನ ಯಂತ್ರವು ಪ್ರತಿರಾತ್ರಿ ೨ ಗಂಟೆಗೆ ಅದರ ನಕಲನ್ನು ಡಿಸ್ಕಿಗೆ ಇಳಿಸುವುದು. ಮೂಲದಲ್ಲಿ ಇಲ್ಲದ್ದು ನಕಲಿನಲ್ಲಿಯೂ ಇರಬಾರದೆಂದು, ಅಚ್ಚುಕಟ್ಟಿನ ಮೋಹದಿಂದ, ಆಜ್ಞೆಯನ್ನು ಬರೆದವನು ನಾನೇ.

ಉಗ್ರಾಣದವರೇ ನುಂಗಿದರೆಂದು ನಿಶ್ಚಯಿಸಿ ಖಾರವಾದ ಪತ್ರವೊಂದನ್ನು ಬರೆಯಲು ಕುಳಿತೆನು. ಹುಡುಗಿಯ ಅಣ್ಣನು, “ಮೊದಲು ಈ ರಾತ್ರಿಯ ನಕಲನ್ನು ನಿಲ್ಲಿಸಿ, ದೊಡ್ಡಪ್ಪ. ಮಿಕ್ಕದ್ದನ್ನು ಆಮೇಲೆ ನೋಡೋಣ” ಎಂದನು. ನಿಲ್ಲಿಸಿದೆವು. ಬಳಿಕ ಒಂದೊಂದಾಗಿ ಪರೀಕ್ಷಿಸತೊಡಗಿದೆವು. ಪೈ ಯಂತ್ರವು ಕರೆದರೆ ಓಗೊಡುತ್ತಿತ್ತು. ಎನ್‌ಎಫ್‌ಎಸ್‌ಗೆ ಮೀಸಲಾದ ೨೦೪೯ನೆಯ ದ್ವಾರವು ತೆರೆದೇ ಇತ್ತು. ಮೌಂಟ್ ಆಗಿತ್ತು, ದೋಷವೆಂಬ ಸೊಲ್ಲೇ ಇಲ್ಲ. ಯಾವುದಾದರೊಂದು ಕೆಟ್ಟಿದೆಯೆಂದು ಯಂತ್ರವು ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು!

ಸುಳಿವು ಸಿಕ್ಕಿದ್ದು ಒಂದು ಅಂಕಿಯಲ್ಲಿ. ಉಗ್ರಾಣವು ಮೌಂಟ್ ಆಗಿದ್ದಾಗ ಅದರ ವಿಸ್ತಾರವು ಕೊನೆಮೊದಲಿಲ್ಲದಂಥ ದೊಡ್ಡ ಸಂಖ್ಯೆಯಾಗಿ ಕಾಣುವುದು. ಅಂದು ಕಂಡದ್ದು ಸುಮಾರು ೩೨ ಗಿಗಾಬೈಟು, ಎಂದರೆ ಪೈ ಯಂತ್ರದ ಸ್ವಂತ ಕಾರ್ಡಿನ ಅಳತೆ. ನಾವು ನೋಡುತ್ತಿದ್ದುದು ಉಗ್ರಾಣವನ್ನಲ್ಲ; ಅದನ್ನು ಜೋಡಿಸುವುದಕ್ಕೆಂದು ಪೈ ಯಂತ್ರದಲ್ಲಿ ಮಾಡಿಟ್ಟ ಬರಿಯ ಗೂಡನ್ನು! ದುಭಾಷಿಯು ಕೆಲಸಕ್ಕೇ ಬಂದಿರಲಿಲ್ಲ. ಎನ್‌ಎಫ್‌ಎಸ್ ಆದರೋ ಖಾಲಿ ಗೂಡನ್ನೇ ನಿಷ್ಠೆಯಿಂದ ಹಂಚುತ್ತಿತ್ತು.

ದುಭಾಷಿಯು ಏಕೆ ಬರಲಿಲ್ಲ? ಪೈ ಯಂತ್ರದ ದಿನಚರಿಯನ್ನು ಓದಿದೆವು. ಹಿಂದಿನ ಸಂಜೆ ವಿದ್ಯುತ್ತು ಹೋಗಿ ನಡುರಾತ್ರಿಯ ಮೇಲೆ ಬಂದಿತ್ತು. ನಮ್ಮ ಪೈ ಯಂತ್ರದ ಗಡಿಯಾರಕ್ಕೆ ಬ್ಯಾಟರಿಯಿಲ್ಲ. ಕೊನೆಗೆ ಬರೆದಿಟ್ಟುಕೊಂಡ ವೇಳೆಯಿಂದಲೇ ಅದು ಎಣಿಕೆಯನ್ನು ಮುಂದುವರಿಸುತ್ತದೆ. ಹೀಗೆ ಸಂಜೆ ೭-೧೭ ಎಂದೇ ತಿಳಿದು ಎದ್ದ ಯಂತ್ರವು ಉಗ್ರಾಣದ ಬಾಗಿಲನ್ನು ತಟ್ಟಿತು. ಅಲ್ಲಿಗೆ ಕಳುಹಿಸುವ ಪ್ರತಿಯೊಂದು ಕೋರಿಕೆಯಲ್ಲಿಯೂ ರುಜುವಿನೊಡನೆ ವೇಳೆಯೂ ಇರಬೇಕು; ಅವರ ಗಡಿಯಾರಕ್ಕೂ ನಮ್ಮದಕ್ಕೂ ೧೫ ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕೋರಿಕೆಯು ತಿರಸ್ಕೃತವಾಗುವುದು. ಹಳೆಯ ಕೋರಿಕೆಯನ್ನು ಕದ್ದು ಮತ್ತೊಮ್ಮೆ ಬಳಸುವವರಿಗಾಗಿ ಮಾಡಿದ ಕಟ್ಟಳೆ ಅದು. ನಿಮಿಷದೊಳಗೆ ಅಂತರ್ಜಾಲದಿಂದ ಸರಿಯಾದ ವೇಳೆ ದೊರೆತು ಗಡಿಯಾರವು ೧೨-೪೦ಕ್ಕೆ ಹಾರಿತು. ಆದರೆ ಮತ್ತೊಮ್ಮೆ ತಟ್ಟಬೇಕೆಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಬೆಳಗ್ಗೆ ನಾವು ನೋಡುವಾಗ ಗಡಿಯಾರವು ಸಾಧುವಿನಂತೆ ಸರಿಯಾಗಿಯೇ ಇತ್ತು. ೨ ಗಂಟೆಗೆ ನಕಲಿನ ಆಜ್ಞೆಯು ಬರಿಯ ಗೂಡನ್ನು ಕಂಡು ಡಿಸ್ಕನ್ನೂ ಹಾಗೆಯೇ ಬರಿದು ಮಾಡಿತ್ತು.

ಮತ್ತೆ ಮೌಂಟ್ ಮಾಡಹೋದರೆ, ಗೂಡು ಖಾಲಿಯಿಲ್ಲವೆಂದು ದುಭಾಷಿಯ ತಕರಾರು! ಬೆಳಗ್ಗೆಯೇ ಹುಡುಗಿಯು ತನ್ನ ಲಗ್ನಪತ್ರಿಕೆಯ ಕರಡನ್ನು ಅದರೊಳಗೆ ಇಟ್ಟಿದ್ದಳು. ತಕರಾರನ್ನು ಲೆಕ್ಕಿಸದೆ ಬಲವಂತ ಮಾಡುವ ಉಪಾಯವೂ ಉಂಟು. ಮಾಡಿದ್ದರೆ ಕರಡು ಉಗ್ರಾಣದ ಮರೆಯಲ್ಲಿ ಅಡಗಿ ಕಾಣದಾಗುತ್ತಿತ್ತು. ಅದನ್ನು ತೆಗೆದಿರಿಸಿ ಜೋಡಿಸಿದೆವು. ಮೇಜಿನ ಯಂತ್ರದ ಹಳೆಯ ಮೌಂಟನ್ನು ಬಿಡಿಸಿ ಹೊಸದಾಗಿ ಮಾಡಬೇಕಾಯಿತು. ಕಡತಗಳು ಒಂದರ ಕೆಳಗೊಂದು ಮೂಡಿದವು. ಎಣಿಸಿದೆನು: ೪೧.

ಈಗ ಗಡಿಯಾರವು ಸರಿಹೋಗುವವರೆಗೂ ದುಭಾಷಿಯು ಕಾಯುವಂತೆ ವಿಧಿಸಿದ್ದೇವೆ. ಉಗ್ರಾಣವು ಜೋಡಣೆಯಾಗದೆ ಎನ್‌ಎಫ್‌ಎಸ್ ಏನನ್ನೂ ಹಂಚಕೂಡದೆಂದು ಎಕ್ಸ್‌ಪೋರ್ಟ್ಸ್ ಎಂಬ ಅದರ ಪಟ್ಟಿಯಲ್ಲಿ ಮೌಂಟ್‌ಪಾಯಿಂಟ್ ಎಂಬ ಒಂದು ಪದವನ್ನು ಸೇರಿಸಿದ್ದೇವೆ. ಉಗ್ರಾಣದೊಳಗೆ ಒಂದು ಗುರುತಿನ ಕಡತವಿದೆ. ಅದು ಕಣ್ಣಿಗೆ ಬಿದ್ದರೆ ಮಾತ್ರ ರಾತ್ರಿಯ ನಕಲು ನಡೆಯುವುದು. ಮೂರನೆಯ ಪ್ರತಿಯೊಂದು ಸಾಗರದಲ್ಲಿ, ತಂಗಿಯ ಮನೆಯ ಕಪಾಟಿನಲ್ಲಿದೆ.

ಆ ಮಧ್ಯಾಹ್ನ ಹುಡುಗಿಯು ಆರತಿಯ ಹಾಡನ್ನು ಹಾಕಿದಳು. ಅಡಿಗೆಮನೆಯಲ್ಲಿದ್ದವರೂ ಕೈ ಒರಸಿಕೊಳ್ಳುತ್ತ ಬಂದು ನಿಂತರು. ಹಾಡಿನ ಮೊದಲು ತಾಯಿಯವರು ಒಮ್ಮೆ ಕೆಮ್ಮಿ, “ಇದು ತಿರುಗುತ್ತಿದೆಯೇನೋ?” ಎಂದು ಕೇಳುತ್ತಾರೆ. ತಿರುಗುತ್ತಿದೆ ಎಂದು ಕ್ಯಾಸೆಟ್ಟಿನೊಳಗಿಂದ ಉತ್ತರ ಕೊಡುವ ಹುಡುಗನ ದನಿ ನನ್ನದು.